ಹಡ್ಸನ್ ದಂಡೆಯಿಂದ ಕ್ರಾಕೋವಿನ ದಿಬ್ಬಕ್ಕೆ

ಅಕ್ಟೋಬರಿನ ಒಂದು ಶನಿವಾರ ಬೆಳಿಗ್ಗೆ ಎಂಟಕ್ಕೆ ನಾವು ನ್ಯೂಜೆರ್ಸಿಯ ಹಿಲ್ಸ್‌ಬರೋ ಬಿಟ್ಟೆವು. ಕಾರಿನಲ್ಲಿದ್ದವರು ಮೂವರು: ನಾನು, ಹೆಂಡತಿ ಶೈಲಜಾ, ಪಕ್ಕದ ಮನೆಯ ಹಲಿನಾ. ಪೋಲೆಂಡಿನ ಕ್ರಾಕೋವ್ ಊರಿನ ಹಲಿನಾ ಈ ದೇಶಕ್ಕೆ ಬಂದು ಮೂವತ್ತು ವರ್ಷ ದಾಟಿದೆ. ಮದುವೆಯ ಉಡುಪು ಹೊಲಿಯುವ ಅಂಗಡಿಯಲ್ಲಿ ದುಡಿದು ನಿವೃತ್ತಳಾದವಳು. ಎಪ್ಪತ್ತೆಂಟರ ವಯಸ್ಸು, ಎಡ ಮಂಡಿ ಮಡಚುವುದಿಲ್ಲ.

ಹೊರಟದ್ದು ಎಪ್ಪತ್ತೈದು ಮೈಲಿ ದೂರದ ವೆಸ್ಟ್ ಪಾಯಿಂಟಿಗೆ. ಇನ್ನೂರೈವತ್ತು ವರ್ಷಗಳ ಹಿಂದೆ ಅಮೆರಿಕ ಸ್ವಾತಂತ್ರ್ಯಕ್ಕೆ ಹೋರಾಡುತ್ತಿದ್ದಾಗ ಹಡ್ಸನ್ ನದಿ ತಿರುಗುವ ಈ ಜಾಗಕ್ಕೆ ಕೋಟೆ ಕಟ್ಟಿಸಿದವನು ಕೊಶ್ಚುಶ್ಕೊ ಎಂಬ ಪೋಲಿಷ್ ಇಂಜಿನಿಯರ್. ಬಿಡುವಿನಲ್ಲಿ ತಾನೇ ಮಣ್ಣು ಹೊತ್ತು ಬಂಡೆಗಳ ನಡುವೆ ಒಂದು ಪುಟ್ಟ ತೋಟ ಮಾಡಿದನಂತೆ. ಆಮೇಲೆ ತನ್ನ ದೇಶಕ್ಕೆ ಮರಳಿ ಅಲ್ಲಿಯೂ ಹೋರಾಡಿದ. ಹಲಿನಾಗೆ ಆ ತೋಟ ನೋಡಬೇಕಿತ್ತು. ಅದಕ್ಕಿಂತ ಮುಖ್ಯವಾಗಿ, ಅಲ್ಲಿಂದ ತನ್ನ ತಮ್ಮ ಮಾರೆಕ್‌ಗೆ ಫೋನ್ ಮಾಡಬೇಕಿತ್ತು. ಇಪ್ಪತ್ತೈದು ವರ್ಷಗಳಿಂದ ಇಬ್ಬರಿಗೂ ಮಾತಿಲ್ಲ. ಹೇಳಿಕೊಳ್ಳಲು ಒಂದು ನೆಪವಾದರೂ ಇಲ್ಲದೆ ಅವನಿಗೆ ಫೋನ್ ಮಾಡುವ ಧೈರ್ಯ ತನಗಿಲ್ಲ ಎಂದು ಅವಳು ಹಿಂದಿನ ವಾರ ನಮ್ಮ ಅಡುಗೆಮನೆಯಲ್ಲಿ ಕೂತು ಹೇಳಿದ್ದಳು.

287ನೇ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋದಂತೆ ಎಲೆ ಉದುರುವ ಕಾಲದ ಗುಡ್ಡಗಳು ಕೆಂಪಾದವು. ನಾವು ಅವಲಕ್ಕಿ ತಂದಿದ್ದೆವು, ಹಲಿನಾ ಗಸಗಸೆ ಹೂರಣದ ಸುರುಳಿ ಬ್ರೆಡ್ ತಂದಿದ್ದಳು. ನಮ್ಮ ಗಸಗಸೆ ಪಾಯಸದ ಸುದ್ದಿ ಕೇಳಿ, ಇಷ್ಟು ವರ್ಷ ಪಕ್ಕದಲ್ಲಿದ್ದೂ ನೀವು ಒಮ್ಮೆಯೂ ಅದನ್ನು ಕೊಟ್ಟಿಲ್ಲವಲ್ಲ ಎಂದು ಶೈಲಜಾಳ ಮೇಲೆ ಮುನಿಸಿಕೊಂಡಳು.

ದಾರಿಯುದ್ದಕ್ಕೂ ಅವಳ ಮಾತು ಕ್ರಾಕೋವಿನ ದಿಬ್ಬದ ಬಗ್ಗೆಯೇ. ಕೊಶ್ಚುಶ್ಕೊ ಪರದೇಶದಲ್ಲಿ ತೀರಿಕೊಂಡ ಮೇಲೆ ಊರಿನವರು ಅವನಿಗೆ ಕಲ್ಲಿನ ವಿಗ್ರಹ ಬೇಡ, ಹಳೆಯ ಕಾಲದ ರಾಜರಿಗೆ ಮಾಡಿದಂತೆ ಮಣ್ಣಿನ ದಿಬ್ಬವೇ ಇರಲಿ ಎಂದರಂತೆ. ಮೂರು ವರ್ಷ ಜನ ಬುಟ್ಟಿಯಲ್ಲಿ, ಕೈಗಾಡಿಯಲ್ಲಿ ಮಣ್ಣು ತಂದು ಸುರಿದರು. ಅವನು ಕಾದಾಡಿದ ರಣರಂಗಗಳ ಮಣ್ಣು, ಅಮೆರಿಕದ್ದೂ ಸೇರಿ, ಅದರೊಳಗಿದೆ. ಮೂವತ್ತನಾಲ್ಕು ಮೀಟರ್ ಎತ್ತರ. ಅಡಿಪಾಯದ ಮಣ್ಣು ಪರೀಕ್ಷಿಸುವುದು ನನ್ನ ಕೆಲಸ, ಹಾಗಾಗಿ ಅಷ್ಟು ಕಡಿದಾದ ದಿಬ್ಬ ಮಳೆಗೆ ಹೇಗೆ ನಿಂತಿತು ಎಂದು ಕೇಳಿದೆ. ನಿಲ್ಲಲಿಲ್ಲ ಎಂದಳು ಹಲಿನಾ. ತೊಂಬತ್ತರ ದಶಕದ ಭಾರೀ ಮಳೆಗೆ ಕುಸಿಯಿತು. ದುರಸ್ತಿಗೆ ವರ್ಷಗಳೇ ಹಿಡಿದವು. ಆ ಕೆಲಸಗಾರರಲ್ಲಿ ಮಾರೆಕ್ ಕೂಡ ಒಬ್ಬ.

ವೆಸ್ಟ್ ಪಾಯಿಂಟ್ ಈಗ ಸೈನ್ಯದ ಕಾಲೇಜು. ಡ್ರೈವಿಂಗ್ ಲೈಸೆನ್ಸ್ ತೋರಿಸಿ ಪಾಸ್ ಪಡೆದು ತೋಟದ ಬಳಿ ಹೋಗುವಷ್ಟರಲ್ಲಿ ಹನ್ನೊಂದೂವರೆ. ಹಿಂದಿನ ದಿನದ ಮಳೆಗೆ ಎಲೆಗಳೆಲ್ಲ ನೆನೆದಿದ್ದವು. ತೋಟವಿದ್ದದ್ದು ಬಂಡೆಯ ಕೆಳಗೆ. ಮೆಟ್ಟಿಲು ನೋಡಿ ಹಲಿನಾ ಎಡ ಮಂಡಿ ಒತ್ತಿ ಹಿಡಿದು ನಿಂತಳು. ಮೇಲಿನಿಂದಲೇ ಫೋನ್ ಮಾಡಬಹುದಲ್ಲ ಎಂದೆ. ಶೈಲಜಾ ಒಪ್ಪಲಿಲ್ಲ.

"ಆಕಿ ಕೂತ್ಕೊಂಡ ಇಳೀಲಿ ಬಿಡ್ರಿ. ನೀವು ಮುಂದ ನಿಂದರ್ರಿ, ನಾ ಹಿಂದ ಹಿಡೀತೀನಿ."

ಹಲಿನಾ ಒಂದೊಂದೇ ಮೆಟ್ಟಿಲ ಮೇಲೆ ಕೂತು, ಕೋಟು ಒದ್ದೆ ಮಾಡಿಕೊಂಡು, ಕೈಯೂರಿ ಜಾರುತ್ತ ಇಳಿದಳು. ಇಪ್ಪತ್ತು ನಿಮಿಷ ಹಿಡಿಯಿತು. ಕೆಳಗಿದ್ದದ್ದು ಒಂದು ಕಾರಂಜಿ, ಒಂದೆರಡು ಬೆಂಚು, ಮುಂದೆ ಅಗಲವಾದ ನದಿ. ಅಷ್ಟೇ. ಅವಳು ಬೆಂಚಿನ ಮೇಲೆ ಕೂತು ಫೋನ್ ಒತ್ತಿದಳು. ಕ್ರಾಕೋವಿನಲ್ಲಿ ಆಗ ಸಂಜೆಯಾಗಿತ್ತು. ನಾವು ದೂರ ಸರಿದೆವು.

ಪೋಲಿಷ್ ನಮಗೆ ಬಾರದು. ಮೊದಲು ಅವಳೇ ಮಾತಾಡಿದಳು, ಆಮೇಲೆ ಬಹಳ ಹೊತ್ತು ಕೇಳಿಸಿಕೊಂಡಳು. ಫೋನ್ ಇಟ್ಟಾಗ ಮುಖವೆಲ್ಲ ಒದ್ದೆ. ಶೈಲಜಾ ಪಕ್ಕದಲ್ಲಿ ಕೂತ ಮೇಲೆ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದಳು. ಊರಿನಲ್ಲಿ ಅಪ್ಪ ಸತ್ತಾಗ ಅಮೆರಿಕದಲ್ಲಿ ನೆಲೆಸಲು ಬೇಕಾದ ಅವಳ ಕಾಗದಪತ್ರ ಇನ್ನೂ ಆಗಿರಲಿಲ್ಲ. ಹೋದರೆ ತಿರುಗಿ ಬರುವಂತಿರಲಿಲ್ಲ. ಹೋಗಲಿಲ್ಲ. ತನ್ನ ಪರವಾಗಿ ಗೋರಿಗೆ ಹಾಕು ಎಂದು ನ್ಯೂಜೆರ್ಸಿಯ ಅಂಗಳದ ಒಂದು ಹಿಡಿ ಮಣ್ಣನ್ನು ತಮ್ಮನಿಗೆ ಅಂಚೆಯಲ್ಲಿ ಕಳಿಸಿದ್ದಳು. ಅವನು ಉತ್ತರವನ್ನೇ ಬರೆಯಲಿಲ್ಲ.

"ಎಸೆದಿರುತ್ತಾನೆ ಅಂದುಕೊಂಡಿದ್ದೆ," ಎಂದಳು. "ನಾನು ಬರಲಿಲ್ಲವೆಂಬ ಸಿಟ್ಟಿನಲ್ಲಿ ಗೋರಿಗೆ ಹಾಕಲಿಲ್ಲವಂತೆ. ಎಸೆಯುವುದಕ್ಕೂ ಮನಸ್ಸು ಬರಲಿಲ್ಲವಂತೆ. ಭಾನುವಾರ ಅಪ್ಪ ನಮ್ಮನ್ನು ಆ ದಿಬ್ಬ ಹತ್ತಿಸುತ್ತಿದ್ದರು. ದುರಸ್ತಿಯ ಸಮಯದಲ್ಲಿ ಮಾರೆಕ್ ನಾನು ಕಳಿಸಿದ ಆ ಹಿಡಿಯನ್ನು ದಿಬ್ಬದ ಮಣ್ಣಿಗೆ ಸೇರಿಸಿದ್ದಾನೆ."

ಮಣ್ಣನ್ನು ಇಷ್ಟು ವರ್ಷ ಕೊಳವೆಯಲ್ಲಿ ತುಂಬಿ, ಒಣಗಿಸಿ, ತೂಗಿ ನೋಡಿದ್ದೇನೆ. ಅದನ್ನು ಹೀಗೂ ಒಬ್ಬರು ಕಾಪಾಡಿರಬಹುದೆಂದು ಹೊಳೆದಿರಲಿಲ್ಲ. ನದಿಯಲ್ಲಿ ಒಂದು ಉದ್ದನೆಯ ಸರಕು ದೋಣಿ ತಿರುವು ದಾಟಿ ಮರೆಯಾಗುವವರೆಗೆ ಮೂವರೂ ಕೂತಿದ್ದೆವು.

ಹತ್ತುವುದು ಇಳಿದದ್ದಕ್ಕಿಂತ ಸುಲಭವಾಯಿತು. ಹೊರಗೆ ಊರಿನ ಚಿಕ್ಕ ಹೋಟೆಲಿನಲ್ಲಿ ಟೊಮೆಟೊ ಸೂಪು ಕುಡಿದು, ಕತ್ತಲಾಗುವ ಮುಂಚೆ ಮನೆ ಸೇರಿದೆವು. ಹಿಂದಿನ ಸೀಟಿನಲ್ಲಿ ಹಲಿನಾ ದಾರಿಯುದ್ದಕ್ಕೂ ನಿದ್ದೆ ಮಾಡಿದಳು.

ಸೋಮವಾರ ಬೆಳಿಗ್ಗೆ ಅವಳು ಕ್ರಾಕೋವಿಗೆ ಹೋಗಬೇಕು ಎಂದು ನಮ್ಮ ಬಾಗಿಲು ಬಡಿದಳು. ಅವಳ ಪಾಸ್‌ಪೋರ್ಟ್‌ನ ಅವಧಿ ಮುಗಿದು ಹತ್ತು ವರ್ಷವಾಗಿತ್ತು. ಶೈಲಜಾ ಅವಳನ್ನು ಫೋಟೊ ತೆಗೆಸಲು, ಇಲ್ಲಿ ಆ ಕೆಲಸವನ್ನೂ ಮಾಡುವ ಔಷಧಿ ಅಂಗಡಿಗೆ ಕರೆದೊಯ್ದಳು. ಒಂದು ಫೋಟೊಗೆ ಇಷ್ಟು ತಡವೇಕೆ ಎಂದು ಮಧ್ಯಾಹ್ನ ಕೇಳಿದೆ.

"ನಗಬ್ಯಾಡ್ರಿ ಅಂತ ಆ ಫೋಟೊ ತೆಗಿಯೋ ಹುಡುಗಿ ನಾಕ್ ಸಲ ಹೇಳಿದ್ಲು," ಎಂದಳು ಶೈಲಜಾ. "ಈಕಿಗೆ ಆಗವಲ್ದು."