ಹದಿನಾರು ಬಣ್ಣದ ವರ

ಇದು ನಡೆದದ್ದು. ನಂಬದವರು ಇಲ್ಲಿಗೇ ಮಡಚಿಡಿ, ನನಗೇನೂ ನಷ್ಟವಿಲ್ಲ. ದೆವ್ವ ಕಂಡೆವೆಂದು ಕಣ್ಣರಳಿಸುವವರನ್ನು ಕಂಡರೆ ನನಗೂ ಆಗುವುದಿಲ್ಲ. ಹುಣಸೆ ಮರದಡಿ ಬಿಳಿ ಸೀರೆ ಕಂಡಿತಂತೆ... ಒಣಹಾಕಿದ ಧೋತರ ನೋಡಿ ಜ್ವರ ಬಂದು ಮಲಗುವ ಜನ.

ಶಿಗ್ಗಾಂವದಲ್ಲಿ ಕಂಪ್ಯೂಟರ್ ರಿಪೇರಿ ನನ್ನ ಕೆಲಸ. ಸವಣೂರಿನ ಗುಜರಿಯಿಂದ ತಂದ ಮೂವತ್ತು ವರ್ಷ ಹಳೆಯ ಕಂಪ್ಯೂಟರ್ ಒಂದನ್ನು ಬದುಕಿಸಿ ಇಟ್ಟುಕೊಂಡಿದ್ದೇನೆ. ಅದರ ಪರದೆಗೆ ಒಟ್ಟು ಹದಿನಾರೇ ಬಣ್ಣ. ಈಗಿನ ಫೋಟೋ ಹಾಕಿದರೆ, ಅದರಲ್ಲಿ ಹೆಚ್ಚಾಗಿರುವ ಹದಿನಾರು ಬಣ್ಣಗಳನ್ನು ಪ್ರೋಗ್ರಾಂ ತಾನೇ ಆರಿಸಿ, ಉಳಿದದ್ದನ್ನು ಚುಕ್ಕಿ ಬೆರೆಸಿ ತೋರಿಸುತ್ತದೆ. ಫೋನಿನಲ್ಲಿ ಮುಖಕ್ಕೆ ಸುಣ್ಣ ಬಳಿದುಕೊಂಡು ಚೆಂದ ಆಗುವವರ ಬಂಡವಾಳ ಇಲ್ಲಿ ಬಯಲಾಗುತ್ತದೆ. ಅದೇ ನನ್ನ ಮೋಜು.

ಆ ರಾತ್ರಿ ತಿಳವಳ್ಳಿಯಿಂದ ನನ್ನ ಅಕ್ಕ ಒಂದು ಫೋಟೋ ಕಳಿಸಿದಳು. ಅವಳ ಮಗಳು ಸವಿತಾಗೆ ಗೊತ್ತಾದ ವರ, ಹಿರೇಕೆರೂರ ಕಡೆಯವನು. ಮರುದಿನವೇ ನಿಶ್ಚಯ. ನೀಲಿ ಗೋಡೆ, ಬಿಳಿ ಅಂಗಿ, ತಿಕ್ಕಿ ತಿಕ್ಕಿ ನಯ ಮಾಡಿದ ಮೋರೆ. ನೋಡೇಬಿಡೋಣ ಇವನ ಬಣ್ಣ ಎಂದು ಹಳೆಯ ಕಂಪ್ಯೂಟರಿಗೆ ಹಾಕಿದೆ.

ಕರ್... ಕರ್... ಡಿಸ್ಕ್ ತಿರುಗಿತು. ಕಾದ ಧೂಳಿನ ವಾಸನೆ ಬಂತು. ಆರಿಸಿದ ಬಣ್ಣಗಳು ಮೊದಲು ಕಾಣಿಸಿದವು. ನೀಲಿ ಇತ್ತು, ಬಿಳಿ ಇತ್ತು. ಆದರೆ ಐದು ಬಗೆಯ ಹಸಿರು? ಫೋಟೋದಲ್ಲಿ ಹಸಿರೆಂಬುದೇ ಇರಲಿಲ್ಲ.

ಚಿತ್ರ ಗೆರೆಗೆರೆಯಾಗಿ ಇಳಿಯಿತು. ಚುಕ್ಕಿಗಳು ಕೂಡಿದವು... ವರನ ಎಡಕ್ಕೆ ಹಸಿರು ಸೀರೆಯ ಹೆಣ್ಣೊಬ್ಬಳು ನಿಂತಿದ್ದಳು. ಹಣೆಗೆ ಮದುಮಗಳ ಬಾಸಿಂಗ ಕಟ್ಟಿತ್ತು.

ಪ್ರೋಗ್ರಾಂ ಕೆಟ್ಟಿದೆ ಎಂದು ಬೈದೆ. ಬೇರೆ ಫೋಟೋ ಹಾಕಿದರೆ ನೆಟ್ಟಗೆ ಬಂತು. ಇವನದನ್ನು ಮತ್ತೆ ಹಾಕಿದೆ. ಈ ಸಲ ಅವಳು ಕತ್ತು ಹೊರಳಿಸಿ ನನ್ನ ಕಡೆಗೇ ನೋಡುತ್ತಿದ್ದಳು. ಫೋನಿನಲ್ಲಿ ಆ ಜಾಗದಲ್ಲಿ ಬರೀ ಗೋಡೆ. ಹೆದರಿದೆ, ಸುಳ್ಳೇಕೆ ಹೇಳಲಿ.

ಅಕ್ಕನಿಗೆ ಫೋನ್ ಹಚ್ಚಿದೆ. ಕಂಡದ್ದನ್ನು ಹೇಳಿದರೆ ನಕ್ಕಾಳೆಂದು ಇಷ್ಟೇ ಕೇಳಿದೆ.

"ಅಕ್ಕಾ, ಹುಡುಗಂದು ಮೊದ್ಲ ಒಂದು ಲಗ್ನ ಆಗಿತ್ತೇನು?"

ಅವಳು ಎದ್ದು ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

"ನಿನಗ್ಯಾರು ಹೇಳಿದ್ರೋ ತಮ್ಮಾ?" ಅವಳ ದನಿ ತೀರ ಇಳಿದಿತ್ತು. "ಹೋದಾಕಿ ಹೋದ್ಲು. ಹೆಂಗ ಹೋದ್ಲಂತ ನಾವೂ ಕೇಳಾಕ ಹೋಗಿಲ್ಲ. ಸವಿತಾಗ ಏನೂ ಹೇಳಬ್ಯಾಡ."

ಹೇಳಲಿಲ್ಲ. ಕೂಡಿಬಂದ ಸಂಬಂಧ ಕೆಡಿಸಿದ ಮಾಮಾ ಎನಿಸಿಕೊಳ್ಳಲು ಅಂಜಿದೆ. ಊರವರ ಹೆದರಿಕೆಗೆಲ್ಲ ನಗುವ ಶೂರ, ಮದುವೆಗೆ ಹೋಗಿ ಅಕ್ಕಿಕಾಳು ಹಾಕಿ, ಹೋಳಿಗೆ ಉಂಡು ಬಂದೆ. ನನ್ನ ಮೇಲೆ ನನಗೇ ಹೇಸಿಗೆ.

ಈಗ ಸವಿತಾ ಫೋನ್ ಮಾಡಿದಾಗಲೆಲ್ಲ ಒಂದೇ ಹಟ, "ಮಾಮಾ, ನಮ್ಮಿಬ್ಬರ ಫೋಟೋನೂ ನಿನ್ನ ಆ ಹಳೇ ಕಂಪ್ಯೂಟರದಾಗ ಹಾಕಿ ತೋರಸು." ಕಂಪ್ಯೂಟರ್ ಕೆಟ್ಟಿದೆ ಎನ್ನುತ್ತೇನೆ. ಕೆಟ್ಟಿಲ್ಲ. ಆ ಫೋಟೋದಲ್ಲಿ ಎಷ್ಟು ಜನ ಬರುತ್ತಾರೋ, ನೋಡುವ ಧೈರ್ಯ ನನಗಿಲ್ಲ.