ಸೋಲ್ವೇಗ್ ಹಿಂತೆಗೆದುಕೊಂಡ ಮಾತು

ಆಕ್ರಾನೆಸ್ ಊರಿನ ಈಜುಕೊಳದಲ್ಲಿ ಸೋಲ್ವೇಗ್ ಮೂವತ್ತೊಂದು ವರ್ಷ ಹೆಂಗಸರ ಸ್ನಾನದ ಕೋಣೆ ಕಾದವಳು. ನೀರಿಗಿಳಿಯುವ ಮುಂಚೆ ಮೈಮೇಲೊಂದು ನೂಲೂ ಇಲ್ಲದೆ ಸೋಪು ಹಚ್ಚಿ ತೊಳೆದುಕೊಂಡು, ಆಮೇಲೆ ಈಜುಡುಗೆ ತೊಟ್ಟು ಬರಬೇಕು ಎಂಬುದು ಅಲ್ಲಿನ ಕಟ್ಟುಪಾಡು. ಅದನ್ನು ಯಾರೂ ಮೀರದಂತೆ ನೋಡಿಕೊಳ್ಳುವುದೇ ಅವಳ ಕೆಲಸ. ಒಮ್ಮೆ ಮೇಯರನ ಹೆಂಡತಿಯನ್ನೇ, 'ಕಂಕುಳು ಒಣಗಿದ ಹಾಗೇ ಇದೆ, ವಾಪಸ್ ಹೋಗು' ಎಂದು ಬಾಗಿಲಿನಿಂದ ತಿರುಗಿಸಿ ಕಳಿಸಿದ್ದಳು. ಅದಕ್ಕೂ ಹಿಂದೆ, ಹದಿನಾರನೆಯ ವಯಸ್ಸಿನಿಂದ, ಮೀನಿನ ಕಾರ್ಖಾನೆಯಲ್ಲಿ ಮುಳ್ಳು ಬಿಡಿಸುತ್ತಿದ್ದಳು. ಗಂಡ ಹೆರ್ಮನ್ ಮೀನುದೋಣಿಯ ಎಂಜಿನ್ ನೋಡಿಕೊಳ್ಳುತ್ತಿದ್ದವನು. ತೀರಿಕೊಂಡು ಒಂಬತ್ತು ವರ್ಷ. ಒಬ್ಬಳೇ ಮಗಳು ಉನ್ನೂರ್ ರಾಜಧಾನಿ ರೇಕ್ಯಾವಿಕ್‌ನಲ್ಲಿ ನರ್ಸ್.

ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತು ಹೆಣೆಯುತ್ತಾಳೆ ಅಂದುಕೊಂಡವರೇ ಎಲ್ಲ. ಅವಳು ಮಾತ್ರ ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಸುತ್ತಿದ ಟವೆಲ್ ಕಂಕುಳಲ್ಲಿಟ್ಟುಕೊಂಡು ಅದೇ ಈಜುಕೊಳಕ್ಕೆ ಬಂದಳು. ಕೊಳದ ಪಕ್ಕದಲ್ಲಿ ಬಿಸಿನೀರಿನ ತೊಟ್ಟಿಗಳು ಮೂರಿವೆ. ಉಗುರುಬೆಚ್ಚಗಿನದು ಮಕ್ಕಳದ್ದು. ನಡುವಿನದು ರಾಜಕೀಯ ಮತ್ತು ಮಂಡಿನೋವಿನವರದ್ದು. ಎಲ್ಲಕ್ಕಿಂತ ಬಿಸಿಯಾದದ್ದು ಫುಟ್‌ಬಾಲಿನವರದ್ದು. ಸೋಲ್ವೇಗ್ ನೇರ ಅದಕ್ಕೇ ಇಳಿದಳು. ಮೊದಲ ದಿನ ಗಂಡಸರು ಸ್ವಲ್ಪ ಮುಖಮುಖ ನೋಡಿಕೊಂಡರು. ಎರಡನೆಯ ದಿನ ಅವಳು, ಎಂಬತ್ತರ ದಶಕದ ಒಂದು ಪಂದ್ಯದಲ್ಲಿ ಗೋಲು ಹೊಡೆದವನು ಯಾರು ಎಂಬುದರ ಮೇಲೆ ಅವರೆಲ್ಲರ ಬಾಯಿ ಮುಚ್ಚಿಸಿದಳು. ಮೂರನೆಯ ದಿನದಿಂದ ಮೆಟ್ಟಿಲ ಪಕ್ಕದ ಮೂಲೆ ಅವಳದಾಯಿತು.

ಇದಾಗಿ ಆರು ವರ್ಷಕ್ಕೆ, ಒಂದು ನವೆಂಬರಿನಲ್ಲಿ, ರಾಷ್ಟ್ರೀಯ ತಂಡ ತನ್ನ ಮನೆಯಂಗಳದಲ್ಲೇ ನಾಲ್ಕು ಗೋಲು ತಿಂದು ಸೋತಿತು. ಕೋಚ್ ರಾಜೀನಾಮೆ ಕೊಟ್ಟ. ಮುಂದಿನ ಕೋಚ್ ಯಾರು ಎಂಬ ಮಾತು ಅಂಗಡಿ, ಚರ್ಚು, ಬಸ್ಸು ಎಲ್ಲೆಲ್ಲೂ ಶುರುವಾಯಿತು. ಬಿಸಿ ತೊಟ್ಟಿಯಲ್ಲಂತೂ ಬೇರೆ ಮಾತೇ ಇಲ್ಲ.

ಆ ವಾರ ಸೋಲ್ವೇಗ್ ಒಂದು ವಿಚಿತ್ರ ಗಮನಿಸಿದಳು. ಸ್ನಾನದ ಕೋಣೆಯಿಂದ ಹೊರಬಂದು, ಚಳಿಗಾಳಿಯಲ್ಲಿ ಹತ್ತು ಹೆಜ್ಜೆ ಓಡುವಾಗ ತೊಟ್ಟಿಯಲ್ಲಿ ಗಲಾಟೆ ಕೇಳುತ್ತದೆ. ಅವಳು ಕಾಲಿಟ್ಟ ಕೂಡಲೇ ಎಲ್ಲರೂ ಹವಾಮಾನ ಮಾತಾಡಲು ಶುರು ಮಾಡುತ್ತಾರೆ. ಮೂರು ದಿನ ಸಹಿಸಿದಳು. ನಾಲ್ಕನೆಯ ದಿನ ಕೇಳಿಯೇಬಿಟ್ಟಳು.

"ಏನ್ರೋ ಇದು, ನಾನೇನು ಹೆಣ ಹೊತ್ಕೊಂಡು ಬಂದಿದೀನಾ? ನಾನು ಬಂದ ತಕ್ಷಣ ಮೋಡ, ಗಾಳಿ ಅಂತೀರಿ."

ಮುದುಕ ಲುದ್ವಿಕ್ ಮೂಗಿನವರೆಗೆ ನೀರಿನಲ್ಲಿ ಮುಳುಗಿದ. ಅವನು ಎಲೆಕ್ಟ್ರಿಷಿಯನ್ ಆಗಿದ್ದವನು; ಊರಿನ ಅರ್ಧ ಮನೆಗಳ ದೀಪ ಅವನ ಕೈಯಿಂದಲೇ ಹತ್ತಿದ್ದು. ಎದುರಿಗಿದ್ದ ಹಳೆಯ ಹೆಡ್‌ಮಾಸ್ಟರ್ ಕ್ಯಾರ್ತಾನ್ ಗಂಟಲು ಸರಿಮಾಡಿಕೊಂಡ.

"ಬ್ರಿನ್ಯಾರ್ ಹೆಸರು ಕೇಳಿಬರ್ತಿದೆ, ಸೋಲ್ವೇಗ್. ಅದಕ್ಕೇ."

"ಪೇಪರ್ ನಾನೂ ಓದ್ತೀನಿ."

"ನಿನಗೆ ಬೇಜಾರಾಗಬಾರದು ಅಂತ..."

"ನನ್ನ ಬೇಜಾರು ನಾನು ನೋಡ್ಕೋತೀನಿ. ನೀವು ಕೋಚ್ ನೋಡಿ."

ಬ್ರಿನ್ಯಾರ್ ಅವಳ ಅಳಿಯನಾಗಿದ್ದವನು. ಅದೇ ಊರಿನ ಹುಡುಗ, ಅದೇ ಊರಿನ ತಂಡದಲ್ಲಿ ಆಡಿದವನು. ಉನ್ನೂರ್‌ಳನ್ನು ಮದುವೆಯಾಗಿ, ಎರಡು ಹೆಣ್ಣುಮಕ್ಕಳಾದ ಮೇಲೆ, ನಾರ್ವೆಯ ಒಂದು ಕ್ಲಬ್ಬಿಗೆ ಸಹಾಯಕ ಕೋಚ್ ಆಗಿ ಹೋದ. ಮನೆಯವರನ್ನೂ ಕರೆದುಕೊಂಡು ಹೋಗಿದ್ದ. ಎರಡನೆಯ ಚಳಿಗಾಲದಲ್ಲಿ ಉನ್ನೂರ್ ಮಕ್ಕಳಿಬ್ಬರನ್ನೂ ಕೈಹಿಡಿದುಕೊಂಡು ವಾಪಸ್ ಬಂದಳು. ಅವನಿಗೆ ಅಲ್ಲಿ ಇನ್ನೊಬ್ಬಳಿದ್ದಳು. ಚಿಕ್ಕವಳು ಎಡ್ಡಾಗೆ ಆಗ ಆರು ವರ್ಷ. ಸೋಲ್ವೇಗ್ ಗೋಡೆಯ ಮೇಲಿದ್ದ ಮದುವೆಯ ಫೋಟೋ ತೆಗೆದು, ಮೊಳೆಯನ್ನೂ ಕಿತ್ತು, ತೂತಿಗೆ ಸುಣ್ಣ ಬಳಿದಳು.

ಆ ದಿನಗಳಲ್ಲೇ ಮೀನಿನಂಗಡಿಯಲ್ಲಿ ಯಾರೋ, 'ನಿನ್ನ ಅಳಿಯನಿಗೆ ಅಲ್ಲೇ ಮುಖ್ಯ ಕೋಚ್ ಕೆಲಸ ಸಿಕ್ಕಿತಂತಲ್ಲ' ಎಂದು ಕೇಳಿದ್ದರು. 'ಎರಡು ಮಕ್ಕಳನ್ನ ಸಂಭಾಳಿಸೋಕಾಗದವನು ಹನ್ನೊಂದು ಗಂಡಸರನ್ನ ಏನು ಸಂಭಾಳಿಸ್ತಾನೆ' ಎಂದಿದ್ದಳು ಸೋಲ್ವೇಗ್. ಸಾಲಿನಲ್ಲಿ ನಿಂತವರು ನಕ್ಕರು. ಮಾತು ಅಂಗಡಿಯಿಂದ ಬಂದರಿಗೆ, ಬಂದರಿನಿಂದ ಮೈದಾನಕ್ಕೆ ಹೋಯಿತು. ಬ್ರಿನ್ಯಾರ್ ದೇಶಕ್ಕೆ ಮರಳಿ ಬೇರೆ ಊರಿನ ಕ್ಲಬ್ಬಿನ ಕೋಚ್ ಆದಾಗ, ಎದುರು ತಂಡದ ಅಭಿಮಾನಿಗಳು ಅದನ್ನು ಹಾಡು ಕಟ್ಟಿ ಕೂಗಿದ್ದರು. ಹೇಳಿದವಳು ಯಾರೆಂಬುದು ಊರಿನ ಹಿರಿಯರಿಗೆ ಬಿಟ್ಟರೆ ಉಳಿದವರಿಗೆ ಮರೆತಿತ್ತು.

ಡಿಸೆಂಬರಿನ ಒಂದು ಶುಕ್ರವಾರ ಎಡ್ಡಾ ಅಜ್ಜಿಯ ಮನೆಗೆ ಬಂದಳು. ಇಪ್ಪತ್ತು ವರ್ಷದವಳು, ವಿಶ್ವವಿದ್ಯಾಲಯದಲ್ಲಿ ಭೂಗರ್ಭಶಾಸ್ತ್ರ ಓದುತ್ತಿದ್ದಳು. ಸೋಲ್ವೇಗ್ ಮೀನು, ಆಲೂಗಡ್ಡೆ ಬೇಯಿಸಿ ಕಿವುಚಿ, ಕಪ್ಪು ರೊಟ್ಟಿಗೆ ಬೆಣ್ಣೆ ಸವರಿ ಇಟ್ಟಿದ್ದಳು. ಹುಡುಗಿ ತಟ್ಟೆ ಮುಟ್ಟಲಿಲ್ಲ.

"ಬಸ್ಸಲ್ಲಿ ರೇಡಿಯೋ ಹಾಕಿದ್ರು ಅಜ್ಜಿ. ಕೋಚ್ ಬಗ್ಗೆ ಜನ ಫೋನ್ ಮಾಡೋ ಕಾರ್ಯಕ್ರಮ. ಒಬ್ಬ ಅಪ್ಪನ ಬಗ್ಗೆ ಅದೇ ಹಳೇ ಮಾತು ಹೇಳಿದ. ಎರಡು ಮಕ್ಕಳು, ಹನ್ನೊಂದು ಗಂಡಸರು. ಇಡೀ ಬಸ್ಸು ನಕ್ಬಿಡ್ತು. ಡ್ರೈವರೂ."

ಸೋಲ್ವೇಗ್ ಬೆಣ್ಣೆಯ ಚಾಕು ಕೆಳಗಿಟ್ಟಳು.

"ಆ ಎರಡು ಮಕ್ಕಳು ನಾನು, ಅಕ್ಕ. ನಮ್ಮನ್ನ ಯಾರಾದರೂ ಕೇಳಿದ್ರಾ? ಯಾರು ಹೇಳಿದ್ದೋ ಅದನ್ನ ಮೊದಲು!"

"ನಾನು," ಎಂದಳು ಸೋಲ್ವೇಗ್.

ಎಡ್ಡಾ ತಲೆಯೆತ್ತಿದಳು. "ನೀನಾ?"

"ನಾನೇ. ಮೀನಿನಂಗಡೀಲಿ. ಸಿಟ್ಟಿತ್ತು."

ಹುಡುಗಿ ಬಹಳ ಹೊತ್ತು ಫೋರ್ಕಿನಿಂದ ಮೀನು ಕೆದಕುತ್ತಾ ಕೂತಳು. ಕೊನೆಗೆ, "ಎಲ್ಲ ತಣ್ಣಗಾಯ್ತು," ಎಂದು ತಟ್ಟೆಯನ್ನು ಬಿಸಿಮಾಡಲು ಎದ್ದಳು. ಅದರ ಬಗ್ಗೆ ಅವಳು ಮತ್ತೆ ಮಾತಾಡಲಿಲ್ಲ. ಮಾತಾಡಿದ್ದರೇ ವಾಸಿಯಿತ್ತು ಅನ್ನಿಸಿತು ಸೋಲ್ವೇಗ್‌ಗೆ.

ಆ ಸಂಜೆ ಅವಳು ಲೆಕ್ಕ ಹಾಕಿದಳು, ಮನಸ್ಸಿನಲ್ಲೇ. ಹದಿನಾಲ್ಕು ವರ್ಷದಲ್ಲಿ ಬ್ರಿನ್ಯಾರ್ ಮಕ್ಕಳಿಗೆ ಮಾಡುವ ಭಾನುವಾರದ ಫೋನ್ ತಪ್ಪಿಸಿದ್ದು ಅವಳಿಗೆ ನೆನಪಿಲ್ಲ. ಎಡ್ಡಾಗೆ ಅಪೆಂಡಿಕ್ಸ್ ಆಪರೇಷನ್ ಆದಾಗ ಕಪ್ ಪಂದ್ಯದ ಹಿಂದಿನ ದಿನ ಅವನು ನಾರ್ವೆಯಿಂದ ಹಾರಿ ಬಂದು, ಆಸ್ಪತ್ರೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಎರಡು ದಿನ ಕೂತಿದ್ದ. ಅವನ ಎದುರಿನ ಕುರ್ಚಿಯಲ್ಲೇ ಸೋಲ್ವೇಗ್ ಇದ್ದಳು. ಆ ಎರಡು ದಿನ ಅವಳು ಅವನಿಗೆ ಒಂದು ಲೋಟ ನೀರು ಬೇಕೇ ಎಂದೂ ಕೇಳಿರಲಿಲ್ಲ.

ಮರುದಿನ ಶನಿವಾರ. ಶನಿವಾರದಂದು ತೊಟ್ಟಿಗೆ ಎಗ್ಗೆರ್ತ್ ಬರುತ್ತಾನೆ. ಊರಿನಲ್ಲಿ ಬಣ್ಣದಂಗಡಿ ಇಟ್ಟವನು, ಹೊಸ ಕೋಚ್ ಆರಿಸುವ ಸಮಿತಿಯಲ್ಲಿದ್ದವನು. ಅವನು ಇಳಿದರೆ ನಡುವಿನ ತೊಟ್ಟಿಯವರೂ ಮಂಡಿನೋವು ಮರೆತು ಈ ಕಡೆಗೆ ವಾಲುತ್ತಾರೆ. ಅಂದೂ ಹಾಗೇ ಆಯಿತು. ಮೈ ಮುಳುಗುವಷ್ಟರಲ್ಲಿ ಲುದ್ವಿಕ್ ಅವನನ್ನು ಹಿಡಿದುಕೊಂಡ.

"ಆ ಸ್ವೀಡನ್‌ನವನ ಹೆಸರೂ ಓಡ್ತಿದೆಯಲ್ಲ, ಅವನನ್ನೇ ತಗೊಳ್ರೋ. ಹೊರಗಿನವನಿಗೆ ನಮ್ಮವರ ಪೈಕಿ ಯಾರು ಯಾರ ಚಿಕ್ಕಪ್ಪನ ಮಗ ಅಂತ ಗೊತ್ತಿರಲ್ಲ. ಸರಿಯಾಗಿ ಆಡದವನನ್ನ ಹೊರಗೆ ಕೂರಿಸ್ತಾನೆ, ಮುಗೀತು."

"ಆ ಸ್ವೀಡನ್‌ನವನು ಹೋದ ವರ್ಷ ಎಷ್ಟು ಪಂದ್ಯ ಗೆದ್ದ ಹೇಳು ನೋಡೋಣ?" ಎಂದ ಕ್ಯಾರ್ತಾನ್. "ಬ್ರಿನ್ಯಾರ್ ಎರಡು ಸಲ ಲೀಗ್ ಗೆದ್ದಿದ್ದಾನೆ. ನಾನೇ ಅವನಿಗೆ ಭಾಗಾಕಾರ ಕಲಿಸಿದ್ದು."

"ಅದಕ್ಕೇ ಹನ್ನೊಂದು ಜನರನ್ನ ಹಂಚೋಕೆ ಬರಲ್ಲ ಅವನಿಗೆ," ಎಂದು ಯಾರೋ ಹಿಂದಿನಿಂದ ಎಂದರು. ಹಳೆಯ ಮಾತಿನ ವಾಸನೆ ಬಡಿದು ಶುರುವಾದ ನಗು ಅರ್ಧಕ್ಕೇ ನಿಂತಿತು. ಎಗ್ಗೆರ್ತ್ ಹಬೆಯ ಆಚೆಯಿಂದ ಸೋಲ್ವೇಗ್ ಕಡೆ ನೋಡಿದ.

"ನೀನೇನಂತೀಯ, ಸೋಲ್ವೇಗ್?"

ಅವಳು ಭುಜ ನೀರಿನಿಂದ ಮೇಲೆ ಬರುವಂತೆ ಎದ್ದು ಕೂತಳು.

"ಮೀನಿನಂಗಡೀಲಿ ಆ ಮಾತು ಹೇಳಿದ್ದು ನಾನು. ನಿಮಗೆಲ್ಲ ಗೊತ್ತು. ಅದು ತಪ್ಪು ಮಾತು. ನನ್ನ ಮಗಳಿಗೆ ಅವನು ಒಳ್ಳೆ ಗಂಡ ಆಗಿರಲಿಲ್ಲ, ಅದನ್ನ ಇವತ್ತೂ ಹೇಳ್ತೀನಿ. ಮಕ್ಕಳಿಗೆ ಅಪ್ಪ ಆಗಿದ್ದ. ಇವತ್ತಿಗೂ ಇದ್ದಾನೆ. ಆ ಮಾತು ನಾನು ವಾಪಸ್ ತಗೋತಿದೀನಿ. ಇನ್ನು ಯಾರಾದರೂ ಅದನ್ನ ಆಡಿದ್ರೆ ನನ್ನ ಹೆಸರು ಹೇಳಿ, ಅವಳೇ ವಾಪಸ್ ತಗೊಂಡ್ಳು ಅನ್ನಿ."

ಕ್ಯಾರ್ತಾನ್ ಗೆದ್ದವನಂತೆ ಲುದ್ವಿಕ್ ಕಡೆ ತಿರುಗಿದ. "ಕೇಳಿದ್ಯಾ? ಹಾಗಾದ್ರೆ ಬ್ರಿನ್ಯಾರ್‌ನೇ..."

"ನಾನೆಲ್ಲಿ ಹಾಗಂದೆ?" ಎಂದಳು ಸೋಲ್ವೇಗ್. "ಅವನು ಬೇಡ."

"ಯಾಕೆ?"

"ಒಂದು ಗೋಲು ಮುಂದಿದ್ರೆ ಸಾಕು, ಅರವತ್ತನೇ ನಿಮಿಷಕ್ಕೆ ಎಲ್ಲರನ್ನೂ ಹಿಂದಕ್ಕೆಳೆದು ಗೋಲಿನ ಮುಂದೆ ಬೇಲಿ ಕಟ್ತಾನೆ. ಹೋದ ಬೇಸಿಗೇಲಿ ಐದು ಪಂದ್ಯ ಹಾಗೇ ಕೈಬಿಟ್ಟ. ಕ್ಲಬ್ಬಲ್ಲಿ ನಡೀಬಹುದು. ಸ್ಪೇನ್ ಮುಂದೆ ಮೂವತ್ತು ನಿಮಿಷ ಬೇಲಿ ಕಟ್ಟಿ ಉಳೀತೀಯಾ?"

ಎಗ್ಗೆರ್ತ್ ಗಟ್ಟಿಯಾಗಿ ನಕ್ಕ. ಲುದ್ವಿಕ್ ನೀರು ಬಡಿದು, "ಹೇಳು, ಹೇಳು!" ಎಂದ. ಕ್ಯಾರ್ತಾನ್, ಐದಲ್ಲ ಮೂರು ಪಂದ್ಯ ಎಂದು ವಾದಕ್ಕಿಳಿದ. ಸೋಲ್ವೇಗ್ ಒಂದೊಂದಾಗಿ ಐದನ್ನೂ ತಂಡಗಳ ಹೆಸರು ಸಮೇತ ಹೇಳಿದಳು.

ಜನವರಿಯಲ್ಲಿ ಸಮಿತಿ ಡೆನ್ಮಾರ್ಕಿನ ಒಬ್ಬನನ್ನು ಆರಿಸಿತು. ಅವನ ಹೆಸರು ತೊಟ್ಟಿಯಲ್ಲಿ ಯಾರ ಬಾಯಲ್ಲೂ ಬಂದಿರಲಿಲ್ಲ. ಎಗ್ಗೆರ್ತ್ ಮೂರು ಶನಿವಾರ ಮಕ್ಕಳ ತೊಟ್ಟಿಯಲ್ಲಿ ಕೂತು ಹೋದ.

ಸೋಲ್ವೇಗ್ ಹೇಳಿದ್ದಕ್ಕೂ ಸಮಿತಿಯ ತೀರ್ಮಾನಕ್ಕೂ ಸಂಬಂಧವಿತ್ತೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. ಮಾರ್ಚಿನಲ್ಲಿ ಎಡ್ಡಾಳ ಹುಟ್ಟುಹಬ್ಬಕ್ಕೆ ಉನ್ನೂರ್ ಮನೆಯಲ್ಲಿ ಎಲ್ಲರೂ ಸೇರಿದ್ದರು. ಬ್ರಿನ್ಯಾರ್ ಕೂಡ ಬಂದಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಅಡುಗೆಮನೆಯಲ್ಲಿ ಸೋಲ್ವೇಗ್ ಕೇಕ್ ಕತ್ತರಿಸುವಾಗ ಅವನು ಬಂದು ಬಾಗಿಲಿಗೆ ಒರಗಿದ.

"ಎಗ್ಗೆರ್ತ್ ಹೇಳಿದ, ನೀನು ತೊಟ್ಟೀಲಿ ಮಾತಾಡಿದ್ದು."

"ಯಾವ ಮಾತು?"

"ಎರಡೂ."

ಸೋಲ್ವೇಗ್ ಚಾಕು ಒರೆಸಿದಳು.

"ಅರವತ್ತಲ್ಲ," ಎಂದ ಬ್ರಿನ್ಯಾರ್. "ಎಪ್ಪತ್ತನೇ ನಿಮಿಷ."

"ನಾನು ಗಡಿಯಾರ ನೋಡ್ತಾ ಕೂತಿದ್ದೆ."

ಅವನು ನಕ್ಕ, ಆಮೇಲೆ ನಗು ನಿಲ್ಲಿಸಿದ. "ಆ ಇನ್ನೊಂದು... ನೀನು ಹೇಳಿದ ವರ್ಷ ಅದು ನಿಜವೇ ಆಗಿತ್ತು, ಸೋಲ್ವೇಗ್."

"ಆ ಒಂದು ವರ್ಷ," ಎಂದಳು ಅವಳು. ಕೇಕಿನ ತಟ್ಟೆಯನ್ನು ಅವನ ಕೈಗೆ ಕೊಟ್ಟಳು. "ಹೊರಗಿರೋರಿಗೆ ಹಂಚು. ನೀನೂ ಒಂದು ತಗೋ."

ಅವನು ತಟ್ಟೆ ಹಿಡಿದು ಹೋದ.

ತಿಂಗಳ ಕೊನೆಯಲ್ಲಿ ಡೆನ್ಮಾರ್ಕಿನವನ ಮೊದಲ ಪಂದ್ಯ. ಸೋಲ್ವೇಗ್ ಮತ್ತು ಎಡ್ಡಾ ಒಂದೇ ಕಂಬಳಿ ಹೊದ್ದು ಸ್ಟ್ಯಾಂಡಿನಲ್ಲಿ ಕೂತು ನೋಡಿದರು. ಎರಡೂ ಕಡೆ ಗೋಲು ಬರಲಿಲ್ಲ. ಸೋಮವಾರ ತೊಟ್ಟಿಯಲ್ಲಿ ಅವಳು, ಅವನಿಗೆ ಎರಡು ವರ್ಷವಾದರೂ ಕೊಡಬೇಕು ಎಂದಳು. ಎರಡು ವಾರವೇ ಜಾಸ್ತಿ ಎಂದ ಲುದ್ವಿಕ್. ಕ್ಯಾರ್ತಾನ್ ಆಗಲೇ ಬೆರಳು ಮಡಚುತ್ತಾ ಮುಂದಿನವರ ಹೆಸರು ಎಣಿಸುತ್ತಿದ್ದ.