ಕಾಲರ್ ಕೆಲಸ

ಏಳು ವರ್ಷದವನಾಗಿದ್ದಾಗ ಅವನು ‘ನೇರಪ್ರಸಾರ’ ಎಂಬ ಮಾತನ್ನು ನೋಡುವವರಿಗೆ ಕೊಟ್ಟ ಅಪ್ಪಣೆ ಎಂದುಕೊಂಡಿದ್ದ. ಭಾನುವಾರ ಬೆಳಗಿನ ಕಾರ್ಯಕ್ರಮ ಶುರುವಾದರೆ ಸಾಕು, ಟೀವಿಯ ಮೇಲ್ಮೂಲೆಯಲ್ಲಿ ಆ ಪದ ಕೆಂಪಗೆ ಹೊಳೆಯುತ್ತಿತ್ತು. ಇವನು ಗೋಡೆಗೆ ಒರಗಿದ್ದ ಬೆನ್ನನ್ನು ತಟ್ಟನೆ ನೆಟ್ಟಗೆ ಮಾಡಿ, ಗೂಟ ನುಂಗಿದವನ ಹಾಗೆ ಎರಡು ಗಂಟೆ ಕೂರುತ್ತಿದ್ದ. ಬಾಗಿ ಕೂತರೆ ಟೀವಿಯೊಳಗಿನ ಸೋಫಾದ ಮೇಲಿರುವ ಹೆಂಗಸಿಗೆ ಕಾಣಿಸುತ್ತದೆ, ಅವಳು ಮುನಿಸಿಕೊಂಡು ಮಾತು ನಿಲ್ಲಿಸಿಬಿಡುತ್ತಾಳೆ ಎಂಬ ಭಯ. ತಿಂಗಳುಗಟ್ಟಲೆ ಇದನ್ನು ನೋಡಿದ ಅತ್ತೆ ಒಂದು ದಿನ ಕೇಳಿಯೇಬಿಟ್ಟಳು. ಕಾರಣ ತಿಳಿದು, ಹಲ್ಲಿನಲ್ಲಿ ಕಚ್ಚಿಕೊಂಡಿದ್ದ ದಾರ ಜಾರಿ ಬೀಳುವಷ್ಟು ನಕ್ಕಳು.

“ಹಾಗೇ ಅಂದ್ಕೊಂಡಿರು ಕಣೋ. ಆ ನೆವದಲ್ಲಾದ್ರೂ ನಿನ್ನ ಬೆನ್ನು ನೆಟ್ಟಗಾಗ್ಲಿ.”

ಈಗ ಅವನಿಗೆ ಇಪ್ಪತ್ತಾರು. ಸಂಬಳ ಬರುವುದೂ ಅಂಥದೇ ಒಂದು ಕಾರ್ಯಕ್ರಮದಿಂದ. ನೇರಪ್ರಸಾರದಲ್ಲಿ ನೇರವಾದದ್ದು ಎಷ್ಟು ಎಂಬುದು ಈಗ ಅವನಿಗೆ ಅಂಗೈ ನೆಲ್ಲಿ. ಹೂದಾನಿಯ ಹೂವು ಪ್ಲಾಸ್ಟಿಕ್ಕು. ನಿರೂಪಕಿ ಊದಿ ಊದಿ ಕುಡಿಯುವ ಕಪ್ಪು ಖಾಲಿ. ಒಲೆಯ ಮೇಲೆ ‘ಈಗ ತಾನೇ’ ಆದ ಅಡುಗೆ ನಿನ್ನೆ ಸಂಜೆಯದು. ಇನ್ನು ವೀಕ್ಷಕರ ಕರೆಗಳು ಬರುತ್ತಿದ್ದದ್ದು ಪಕ್ಕದ ಕೋಣೆಯಿಂದ, ನೀರಿನ ಕ್ಯಾನುಗಳ ನಡುವೆ ಸ್ಟೂಲಿನ ಮೇಲೆ ಕೂತ ಇವನಿಂದ. ಹಿಂದೊಮ್ಮೆ ನಿಜವಾದ ಕರೆ ತೆಗೆದುಕೊಂಡಿದ್ದರಂತೆ. ಫೋನ್ ಮಾಡಿದಾತ ಪಕ್ಕದ ಮನೆಯ ನಾಯಿಯನ್ನೂ ಅದರ ಯಜಮಾನನ ವಂಶವನ್ನೂ ಒಂದೂವರೆ ನಿಮಿಷ ಜಾಲಾಡಿಬಿಟ್ಟನಂತೆ. ಅಂದಿನಿಂದ ತೆರೆಯ ಕೆಳಗೆ ನಂಬರ್ ಓಡುತ್ತದೆ, ಆದರೆ ಯಾರು ಒತ್ತಿದರೂ ಎಂಗೇಜ್. ಹೆಂಗಸರ ದನಿಗೆ ಮೇಕಪ್ಪಿನವಳು, ಗಂಡಸರ ದನಿಗೆಲ್ಲ ಇವನು. ನಿವೃತ್ತ ಅಂಚೆಯವ, ಹೊಸದಾಗಿ ಮದುವೆಯಾದವ, ನಿದ್ದೆ ಬಾರದ ಅಜ್ಜ. ಒಂದೇ ಬೆಳಿಗ್ಗೆಯಲ್ಲಿ ಮೂರು ಜನ್ಮ. ಕರೆ ಮಾಡುವವನೆಂದು ಆಫೀಸಿನಲ್ಲಿ ಅವನ ಹೆಸರೇ ಕಾಲರ್.

ಕೆಲಸ ಸಿಕ್ಕ ದಿನ ಅತ್ತೆ ಕೇಳಿದ್ದಳು, “ಅಲ್ಲಿ ನಿಂದೇನೋ ಕೆಲಸ?”

“ಕಾಲರ್ ಕೆಲಸ.”

ಮೂವತ್ತು ವರ್ಷ ಅಂಗಿ ಹೊಲಿದವಳಿಗೆ ಕಾಲರ್ ಅಂದರೆ ಒಂದೇ. ಅವಳ ಮುಖ ಅರಳಿತು. “ನೋಡಿದ್ಯಾ, ರಕ್ತ ಎಲ್ಲಿಗೆ ಹೋಗುತ್ತೆ. ಟೀವಿಲಿ ಬರೋರ ಕುತ್ತಿಗೆಯೆಲ್ಲ ಇನ್ಮೇಲೆ ನಮ್ಮನೆ ಹುಡುಗನ ಕೈಲಿ.”

ಅದಲ್ಲ ಅತ್ತೆ ಎನ್ನಲು ಅವನು ಬಾಯಿ ತೆರೆದ. ಬಿಡಿಸಿ ಹೇಳಬೇಕಾದರೆ, ವಾರಕ್ಕೆ ಮೂರು ಸುಳ್ಳು ಹೇಳಿ ಸಂಬಳ ತರುತ್ತೇನೆ ಎನ್ನಬೇಕಿತ್ತು. ಬಾಯಿ ಮುಚ್ಚಿದ. ಆಮೇಲೆ ಪ್ರತಿ ಭಾನುವಾರ ಮಧ್ಯಾಹ್ನ ಅತ್ತೆಯ ವರದಿ ತಪ್ಪಿದ್ದಲ್ಲ.

“ಆ ದಪ್ಪನೆಯವನ ಕಾಲರ್ ಎಡಗಡೆ ತುದಿ ಮೇಲೆದ್ದಿತ್ತು. ಇಸ್ತ್ರಿ ಸಾಲದು, ಒಳಗೆ ಗಟ್ಟಿ ಬಟ್ಟೆ ಕೊಡ್ಬೇಕು ಅಂತ ಹೇಳು.”

“ಆಯ್ತತ್ತೆ, ಹೇಳ್ತೀನಿ,” ಎಂದು ಇವನು ತಟ್ಟೆ ನೋಡುತ್ತಿದ್ದ.

ಅತ್ತೆ ಅವನಪ್ಪನ ಅಕ್ಕ, ಅವನನ್ನು ಸಾಕಿದವಳು. ಇದ್ದದ್ದು ಎರಡು ಕೋಣೆ: ಬೀದಿಗೆ ತೆರೆದದ್ದು ಅಂಗಡಿ, ಹಿಂದಿನದು ಮನೆ. ವಾರದ ಆರು ದಿನ ಅವಳ ಮೆಷಿನ್ ನಿಂತದ್ದೇ ಇಲ್ಲ. ಭಾನುವಾರ ಎಂಟರಿಂದ ಹತ್ತರವರೆಗೆ ಮಾತ್ರ ಶಟರ್ ಅರ್ಧ ಇಳಿದಿರುತ್ತಿತ್ತು, ಮೆಷಿನ್ ಮೇಲೆ ಹಳೆಯ ದುಪ್ಪಟಿ ಬೀಳುತ್ತಿತ್ತು. ಅತ್ತೆ ತಲೆ ಬಾಚಿ, ಒಗೆದ ಸೀರೆ ಉಟ್ಟು, ಯಾರದೋ ಮನೆಗೆ ಹೋದವಳ ಹಾಗೆ ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದಳು.

“ಅದರಲ್ಲಿ ಅಂಥದ್ದೇನಿದೆ ಅತ್ತೆ?” ಎಂದು ಅವನು ಒಮ್ಮೆ ಕೇಳಿದ್ದ, ಹೋಟೆಲಿನ ಅಡುಗೆಮನೆ ಕಂಡವನ ದನಿಯಲ್ಲಿ.

“ವಾರವೆಲ್ಲ ನನ್ನ ಬಾಗಿಲಿಗೆ ಬರೋರು ಒಂದೋ ಅಳತೆ ಕೊಡೋಕೆ, ಇಲ್ಲಾ ತಡ ಆಯ್ತು ಅಂತ ಬೈಯೋಕೆ. ಸುಮ್ನೆ ಬಂದು ಕೂತು ಮಾತಾಡೋರು ಇವರೊಬ್ರೇ. ಎದ್ದು ಹೋಗೋ ಆತುರ ಅವರಿಗೂ ಇಲ್ಲ, ನನಗೂ ಇಲ್ಲ.” ಆಮೇಲೆ ಸೇರಿಸಿದಳು, “ನಾನೂ ಒಂದೊಂದ್ಸಲ ಫೋನ್ ಮಾಡ್ತೀನಿ. ಬರೀ ಎಂಗೇಜ್. ಸಿಗೋರು ಪುಣ್ಯವಂತರು ಬಿಡು.”

ಪುಣ್ಯವಂತ ಎದುರಿಗೇ ಕೂತು ಬ್ರೆಡ್ಡು ಅಗಿಯುತ್ತಿದ್ದ.

ಒಂದು ಶನಿವಾರ ಊಟಕ್ಕೆ ಕೂತಾಗ ಅತ್ತೆ ಬಲಗೈಯನ್ನು ಒದರಿಕೊಂಡಳು. “ಮೂರು ಬೆರಳು ಜೋಮು ಹಿಡಿದಿವೆ ಕಣೋ. ಸೂಜಿ ಚುಚ್ಚಿದ್ರೆ ಪಕ್ಕದ ಮನೆಯವಳಿಗೆ ಚುಚ್ಚಿದ ಹಾಗಿರುತ್ತೆ.”

ಅವನು ನಕ್ಕ. ಫೋನಿನಿಂದ ಕಣ್ಣು ಕೀಳದೆ, “ತೋರಿಸೋಣ ಅತ್ತೆ,” ಅಂದ. ಅವನ ‘ತೋರಿಸೋಣ’ಕ್ಕೆ ತಾರೀಕು ಇರುತ್ತಿರಲಿಲ್ಲ.

ಮರುದಿನ ಸೋಫಾದ ಮೇಲೆ ಕೀಲು ಮೂಳೆಗಳ ಡಾಕ್ಟರು. ಪ್ರಶ್ನೆ ಬರೆದುಕೊಡುವವನಿಗೆ ಜ್ವರ. ಎರಡು ಕರೆಗಳನ್ನು ಇವನು ಹೇಗೋ ದಬ್ಬಿದ: ಮಂಡಿ ಹಿಡಿದ ಅಂಚೆಯವ, ಸೊಂಟ ಹಿಡಿದ ಲಾರಿ ಚಾಲಕ. ಮೂರನೆಯದಕ್ಕೆ ಸರಕು ಮುಗಿದಿತ್ತು. ಬಾಗಿಲ ಸಂದಿಯಲ್ಲಿ ನಿರ್ಮಾಪಕ ನಿಂತು, ಹೂಂ, ಮಾತಾಡು ಎಂದು ಕೈ ತಿರುವುತ್ತಿದ್ದ. ನಾಲಗೆ ತಾನಾಗಿ ಹೊರಟಿತು. ದನಿ ಬದಲಿಸಲೂ ಮರೆತ.

“ಅದೇನಂದ್ರೆ ಡಾಕ್ಟ್ರೇ, ನಮ್ಮ ಅತ್ತೆಗೆ ಬಲಗೈಯ ಮೂರು ಬೆರಳು ಜೋಮು ಹಿಡಿದಿವೆ. ಸೂಜಿ ಚುಚ್ಚಿದ್ರೆ ಪಕ್ಕದ ಮನೆಯವಳಿಗೆ ಚುಚ್ಚಿದ ಹಾಗಂತೆ.”

ನಿರೂಪಕಿ ನಕ್ಕಳು. ಡಾಕ್ಟರೂ ನಕ್ಕರು. ಜಾಹೀರಾತಿಗೆ ನಲವತ್ತು ಸೆಕೆಂಡು ಉಳಿದಿತ್ತು. “ಗಾಬರಿಪಡೋಂಥದ್ದೇನೂ ಅಲ್ಲ. ದಿನಾ ಬಿಸಿನೀರಲ್ಲಿ ಕೈ ಅದ್ದಲಿ, ಬೆರಳು ಮಡಿಸಿ ಬಿಚ್ಚಲಿ. ತಾನಾಗೇ ಸರಿಹೋಗುತ್ತೆ.” ನಿರ್ಮಾಪಕ ಸಂದಿಯಿಂದಲೇ ಹೆಬ್ಬೆರಳು ಎತ್ತಿ ತೋರಿಸಿದ. ಇಂದಿನದು ನಿಜದ ಹಾಗಿತ್ತು ಎಂದು ಆಮೇಲೆ ಹೊಗಳಿದ ಕೂಡ.

ಬಸ್ಸು ಹತ್ತಿದ ಮೇಲೆ ಇವನಿಗೆ ಹೊಳೆಯಿತು. ಅತ್ತೆಯ ಕಾಯಿಲೆ, ಅತ್ತೆಯ ಮಾತು, ಅತ್ತೆಯ ಮುಂದೆಯೇ ಮಾರಿದ್ದಾಯಿತು. ಮನೆಗೆ ಹೋದರೆ ಅವಳು ಬೋಗುಣಿಯ ಬಿಸಿನೀರಿನಲ್ಲಿ ಕೈಯಿಟ್ಟು ಕೂತಿದ್ದಳು. ಇನ್ನು ಮುಗಿಯಿತು ಎಂದು ಇವನು ಬೈಗುಳಕ್ಕೆ ಕಿವಿ ಕೊಟ್ಟು ನಿಂತ. ಅತ್ತೆ ಎದ್ದು, ಕೈ ಒರೆಸಿಕೊಂಡು, ತಟ್ಟೆಗೆ ಎರಡು ಮೊಟ್ಟೆ ಹೆಚ್ಚಿಗೆ ಹಾಕಿದಳು.

“ತಿನ್ನು. ಬೆಳಿಗ್ಗೆಯಿಂದ ಎಷ್ಟು ಕಷ್ಟಪಟ್ಟಿದ್ದೀಯೋ ಏನೋ.”

ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಚುಚ್ಚುತ್ತಿದ್ದಾಳೆ ಎಂದುಕೊಂಡ. ತಟ್ಟೆ ಖಾಲಿ ಮಾಡಿ ಎದ್ದ. ಫೋನಿನ ಮಾತನ್ನು ಅವಳೂ ಎತ್ತಲಿಲ್ಲ.

ಆಮೇಲಿನ ಐದು ತಿಂಗಳು ಬೋಗುಣಿ ದಿನಾ ಬೆಳಿಗ್ಗೆ ಹೊರಗೆ ಬರುತ್ತಿತ್ತು. ಕತ್ತರಿ ಕೈಜಾರಿ ಬೀಳುವ ಸದ್ದು ಅವನ ಕಿವಿಗೆ ಬೀಳುತ್ತಿತ್ತು. ಗುಂಡಿ ಹಾಕಲು ಅವಳಿಗೆ ಎರಡರಷ್ಟು ಹೊತ್ತು ಹಿಡಿಯುವುದು ಕಾಣುತ್ತಿತ್ತು. ಆಸ್ಪತ್ರೆಗೆ ಹೋಗೋಣ ಎನ್ನಬೇಕೆಂದು ಎಷ್ಟೋ ಸಲ ಬಾಯಿಗೆ ಬಂತು. ಆದರೆ ಕೈಯ ಮಾತು ತೆಗೆದರೆ ಫೋನಿನ ಮಾತು ಬರುತ್ತದೆ, ಫೋನಿನ ಮಾತು ಬಂದರೆ ಕಾಲರ್ ಬಯಲಾಗುತ್ತದೆ. ಹೀಗೆ ತನ್ನ ಮುಖ ಉಳಿಸಿಕೊಳ್ಳಲು ಅವಳ ಕೈಯನ್ನು ಅವನು ದಿನದಿನವೂ ಮುಂದೂಡಿದ. ಡಾಕ್ಟರೇ ಹೇಳಿದ್ದಾರಲ್ಲ, ಸರಿಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಆ ಡಾಕ್ಟರು ನಲವತ್ತು ಸೆಕೆಂಡಿನ ಡಾಕ್ಟರು ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಒಂದು ಸಂಜೆ ಹಳೆಯ ಗಿರಾಕಿ, ಶಾಲೆಯ ಮೇಷ್ಟ್ರು, ಹೊಸ ಅಂಗಿ ತೊಟ್ಟುಕೊಂಡೇ ಅಂಗಡಿಗೆ ಬಂದರು. ಸಂಕೋಚದ ಮನುಷ್ಯ. “ಏನಿಲ್ಲಮ್ಮಾ, ಕಾಲರ್ ಒಂದು ಕಡೆ ಸ್ವಲ್ಪ ಮೇಲೆದ್ದು ಕಿವಿ ಮಾತಾಡಿಸ್ತಾ ಇದೆ.”

ಮೂವತ್ತು ವರ್ಷದಲ್ಲಿ ಅವಳ ಕಾಲರ್ ವಾಪಸ್ ಬಂದದ್ದು ಅದೇ ಮೊದಲು. ಅತ್ತೆ ಗುರುತು ಹಾಕಲು ಸೀಮೆಸುಣ್ಣ ಎತ್ತಿದಳು. ಹೆಬ್ಬೆರಳಿಗೆ ಅದು ನಿಲ್ಲಲಿಲ್ಲ. ಉಂಗುರದ ಬೆರಳು ಕಿರುಬೆರಳುಗಳ ನಡುವೆ ಸಿಕ್ಕಿಸಿಕೊಂಡು ಗೀಚಿದಳು. ಗೆರೆ ಹಾವಿನ ಹಾಗೆ ಹರಿಯಿತು. ಬಾಗಿಲಲ್ಲಿ ನಿಂತಿದ್ದ ಅವನಿಗೆ ಆ ಅಂಗೈ ಮೊದಲ ಬಾರಿ ಸರಿಯಾಗಿ ಕಂಡಿತು: ಹೆಬ್ಬೆರಳ ಬುಡದಲ್ಲಿ ಉಬ್ಬಿರಬೇಕಾದ ಮಾಂಸ ಇಳಿದು ಗುಳಿ ಬಿದ್ದಿತ್ತು.

ಮರುದಿನ ರಜೆ ಹಾಕಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಬೆಂಚಿನ ಮೇಲೆ ಸರದಿ ಕಾಯುವಾಗ ತಗ್ಗಿದ ದನಿಯಲ್ಲಿ ಹೇಳಿದ, “ಅತ್ತೆ, ಯಾವಾಗಿಂದ ಅಂತ ಕೇಳಿದ್ರೆ ಈಗೊಂದು ತಿಂಗಳಿಂದ ಅಂದುಬಿಡು.”

“ಯಾಕೋ?”

“ಸುಮ್ನೆ ಬೈತಾರೆ.”

“ಬೈದ್ರೆ ಬೈಯಲಿ. ನಿನ್ನನ್ನೇನೂ ಬೈಯಲ್ಲವಲ್ಲ.”

ಒಳಗಿದ್ದ ಡಾಕ್ಟರಮ್ಮನಿಗೆ ಹೆಚ್ಚೆಂದರೆ ಅವನ ವಯಸ್ಸು. ಅತ್ತೆಯ ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದು ಕಾಗದ ಇಟ್ಟು, ಬಿಡಬೇಡಿ ಎಂದು ಎಳೆದರು. ಕಾಗದ ಸಲೀಸಾಗಿ ಬಂತು. ಇನ್ನೊಮ್ಮೆ ಇಟ್ಟರು. ಅತ್ತೆ ಹಲ್ಲು ಕಚ್ಚಿದಳು. ಆಗಲೂ ಬಂತು. ಮಣಿಕಟ್ಟಿನಲ್ಲಿ ನರ ಒತ್ತಿಹೋಗಿದೆ, ಸಣ್ಣ ಆಪರೇಷನ್ ಬೇಕು ಎಂದರು.

“ಆಮೇಲೆ ಕತ್ತರಿ ಹಿಡೀಬಹುದಾ?” ಅತ್ತೆ ಕೇಳಿದಳು.

“ಜೋಮು ಕಡಿಮೆ ಆಗಬಹುದು. ಹಿಡಿತ ಎಷ್ಟು ವಾಪಸ್ ಬರುತ್ತೋ, ಮಾತು ಕೊಡಲಾರೆ. ಶುರುವಿನಲ್ಲೇ ಬಂದಿದ್ರೆ ಈ ಮಾತೇ ಇರ್ತಿರಲಿಲ್ಲ.” ಡಾಕ್ಟರಮ್ಮ ಆ ಗುಳಿಯ ಮೇಲೆ ಬೆರಳಿಟ್ಟು, ಮೊದಲು ಅವನ ಮುಖ, ಆಮೇಲೆ ಅತ್ತೆಯ ಮುಖ ನೋಡಿದರು. “ಇದು ಒಂದೆರಡು ತಿಂಗಳಿನದಲ್ಲ. ಹೊಲಿಗೆ ಕೆಲಸದವರು ಬೇರೆ. ಇಷ್ಟು ದಿನ ಯಾಕಮ್ಮಾ ಯಾರಿಗೂ ತೋರಿಸಲಿಲ್ಲ? ಮನೇಲಿ ಕೇಳೋರೇ ಇರಲಿಲ್ವಾ?”

ಅವನು ಮೂಲೆಯ ತೂಕದ ಯಂತ್ರದ ಮುಳ್ಳನ್ನು ನೋಡುತ್ತ ನಿಂತ.

“ಕೇಳೋರಿಲ್ಲದೆ ಏನು,” ಅಂದಳು ಅತ್ತೆ, ಅವಮಾನವಾದವಳ ಹಾಗೆ. “ನಾನು ಮಾಡಿದ್ರೆ ಬರೀ ಎಂಗೇಜ್ ಬರೋ ಟೀವಿಗೆ ಇವನು ನನಗೋಸ್ಕರ ಫೋನ್ ಮಾಡಿ ಕೇಳಿದ. ಬಿಸಿನೀರು ಸಾಕು ಅಂದ್ರು. ಮನೆ ಹುಡುಗನೇ ಕೇಳಿ ತಿಳ್ಕೊಂಡ ಮೇಲೆ ಇನ್ನೊಬ್ಬರ ಹತ್ರ ನಾನ್ಯಾಕೆ ಹೋಗ್ಲಿ?”